ಗೆಳೆಯನಿಗೊಂದು ಪತ್ರ: ಆ ಬಾಟಲಿಯ ವಾಸನೆ ನಮ್ಮ ಮೆಣಸಿನಲ್ಲೂ ಇದೆ

ಪ್ರೀತಿಯ ರಘು,

ಟೊರೊಂಟೊದ ಅಂಗಡಿಯಿಂದ ನೀನು ಕಳಿಸಿದ ಫೋಟೋ ನೋಡಿದೆ. ಗಾಂಜಾ ಎಣ್ಣೆಯ ಬಾಟಲಿ, ಮೇಲೆ ‘ಕ್ಯಾರಿಯೋಫಿಲೀನ್’ ಅಂತ ದೊಡ್ಡದಾಗಿ ಬರೆದಿದೆ. ಇದೇನು, ಆಯಿಯ ಮಂಡಿನೋವಿಗೆ ಆಗುತ್ತಾ, ಊರಿಗೆ ಬರುವಾಗ ತರಲಾ ಅಂತ ಕೇಳಿದ್ದೀಯ. ಇದೇ ಪ್ರಶ್ನೆ ಇನ್ನೂ ಕೆಲವರಿಗೆ ಇರಬಹುದು. ನೀನು ಒಪ್ಪಿದ್ದರಿಂದ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ತರಬೇಡ ಮಾರಾಯ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಆ ವಾಸನೆಯ ವಿಷಯ, ಯಾಕಂದರೆ ಅದು ನಿಜಕ್ಕೂ ಚೆಂದದ ವಿಷಯ.

ಗಾಂಜಾ ಅಂದರೆ ಎಲ್ಲರೂ ನಶೆ ಏರಿಸುವ ಟಿಎಚ್‌ಸಿ, ನಶೆ ಏರಿಸದ ಸಿಬಿಡಿ ಅನ್ನುವ ಅದರ ಎರಡು ಅಂಶಗಳ ಹೆಸರು ಹೇಳುತ್ತಾರೆ. ಆದರೆ ಆ ಗಿಡದ ಘಾಟು ಅವೆರಡರದ್ದಲ್ಲ. ಬಹುಪಾಲು ಅದು ಟರ್ಪೀನ್ ಅನ್ನುವ, ಗಾಳಿಗೆ ಬೇಗ ಹಾರಿಹೋಗುವ ಪದಾರ್ಥಗಳದ್ದು. ಕ್ಯಾರಿಯೋಫಿಲೀನ್ ಅವುಗಳಲ್ಲಿ ಒಂದು. ಅದರ ಹೆಸರು ಬಂದಿದ್ದೇ ಲವಂಗದ ಹಳೇ ಲ್ಯಾಟಿನ್ ಹೆಸರಿನಿಂದ. ಲವಂಗದಲ್ಲಿದೆ, ಕಾಳುಮೆಣಸಿನಲ್ಲೂ ಧಾರಾಳವಾಗಿದೆ. ನಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿದ್ದ ಮಲ್ಲಿಗೆಸರ ಜಾತಿಯ ಮೆಣಸಿನ ಬಳ್ಳಿ ನೆನಪಿದೆಯಲ್ಲ, ಮೆಣಸು ಕೊಯ್ದು ತಂದು ಅಂಗಳದಲ್ಲಿ ಕಾಲಿಂದ ತುಳಿದು ಕಾಳು ಬಿಡಿಸುತ್ತಿದ್ದೆವಲ್ಲ, ಆಗ ಅಂಗಾಲಿಗೆ ಹತ್ತಿ ಮೂರು ದಿನ ಸ್ನಾನ ಮಾಡಿದರೂ ಬಿಡದ ಪರಿಮಳ, ಅದರಲ್ಲಿ ಇದಕ್ಕೂ ಪಾಲಿದೆ. ಖಾರ ಮಾತ್ರ ಬೇರೆ, ಅದು ಮೆಣಸಿನಲ್ಲೇ ಇರುವ, ಬೇಗ ಹಾರಿಹೋಗದ ಪೈಪರಿನ್ ಅನ್ನುವ ಪದಾರ್ಥದ್ದು. ಅದಕ್ಕೇ ಹಳೇ ಮೆಣಸಿನ ಪುಡಿ ಘಮ ಕಳೆದುಕೊಂಡರೂ ಖಾರ ಉಳಿದಿರುತ್ತೆ.

ಈಗ ಮುಖ್ಯ ವಿಷಯ. ಗಾಂಜಾದ ಅಂಶಗಳು ಹೋಗಿ ಕೂರುವ ಜಾಗಗಳು ನಮ್ಮ ಮೈಯಲ್ಲಿ ಮುಖ್ಯವಾಗಿ ಎರಡು ಬಗೆ, ಸಿಬಿ1 ಮತ್ತು ಸಿಬಿ2. ಸಿಬಿ1 ಹೆಚ್ಚಾಗಿ ಮಿದುಳಿನಲ್ಲಿದೆ. ಟಿಎಚ್‌ಸಿ ಅಲ್ಲಿ ಕೂತಾಗ ನಶೆ ಏರುತ್ತೆ. ಸಿಬಿ2 ಹೆಚ್ಚಾಗಿ ರೋಗನಿರೋಧಕ ಕಣಗಳ ಮೇಲಿದೆ, ಉರಿಯೂತದ ಜೊತೆ ಅದಕ್ಕೆ ಸಂಬಂಧ. 2008ರಲ್ಲಿ ಯೂರ್ಗ್ ಗೆರ್ಟ್ಶ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ಕ್ಯಾರಿಯೋಫಿಲೀನ್ ಸಿಬಿ1ರ ತಂಟೆಗೆ ಹೋಗದೆ ಸಿಬಿ2ರಲ್ಲಿ ಮಾತ್ರ ಕೂರುತ್ತೆ ಅಂತ ತೋರಿಸಿದರು. ಅಂದರೆ ನಶೆ ಇಲ್ಲ. ಪಾದ ಊದಿದ ಇಲಿಗಳಿಗೆ ಅದನ್ನು ಬಾಯಿಂದ ಕೊಟ್ಟಾಗ ಊತ ಇಳಿಯಿತು. ಸಿಬಿ2 ಇಲ್ಲದ ಇಲಿಗಳಿಗೆ ಕೊಟ್ಟಾಗ ಇಳಿಯಲಿಲ್ಲ. ನನಗೆ ಈ ಎರಡನೇ ಭಾಗವೇ ತುಂಬಾ ಇಷ್ಟ. ಕೆಲಸ ಆಗಿದ್ದು ಸಿಬಿ2ರ ಮೂಲಕವೇ ಅಂತ ಅದರಿಂದ ಗೊತ್ತಾಯಿತಲ್ವಾ? ದಿನಾ ಸಾರಿಗೆ ಹಾಕುವ ಮೆಣಸಿನಲ್ಲಿ ಇಂಥದ್ದೊಂದು ಇದೆ ಅಂತ ಓದಿದ ದಿನ ನಾನು ಡಬ್ಬ ತೆಗೆದು ಸುಮ್ನೆ ಮೂಸುತ್ತಾ ನಿಂತಿದ್ದೆ.

ಆದರೆ ಅವು ಇಲಿಗಳು, ರಘು. ಮನುಷ್ಯರ ಮಂಡಿನೋವು ಇದರಿಂದ ಕಡಿಮೆಯಾಗುತ್ತೆ ಅಂತ ಹೇಳುವಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ. ಮೆಣಸಿನಲ್ಲೂ ಇದೆಯಲ್ಲ ಅಂತ ಮುಷ್ಟಿಗಟ್ಟಲೆ ತಿಂದರೂ ಹೊಟ್ಟೆ ಉರಿಯುವುದಷ್ಟೇ.

ತರಬೇಡ ಅಂದ ಕಾರಣಗಳು ಇವು. ಕೆನಡಾದಲ್ಲಿ 2018ರಿಂದ ಅಂಗಡಿಯಲ್ಲಿ ಸಿಗಬಹುದು, ಆದರೆ ಗಡಿ ದಾಟಿಸುವುದು ಅಲ್ಲಿನ ಕಾನೂನಿನಲ್ಲೇ ಅಪರಾಧ. ನಮ್ಮಲ್ಲಂತೂ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯಿದೆ ಇದೆ. ಇನ್ನು ಗಾಂಜಾ ಹಿಡಿಯುವ ನಾಯಿಗಳು ಗುರುತಿಸುವ ವಾಸನೆಗಳಲ್ಲಿ, ಕ್ಯಾರಿಯೋಫಿಲೀನ್ ಗಾಳಿಗೆ ತಾಗಿ ಆಗುವ ಕ್ಯಾರಿಯೋಫಿಲೀನ್ ಆಕ್ಸೈಡ್ ಕೂಡ ಒಂದು. ನೀನು ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುವುದನ್ನು ನೆನೆಸಿಕೊಂಡರೇ ನನಗೆ ಭಯ.

ಅದಕ್ಕಿಂತ ಜಾಸ್ತಿ ಭಯ ಆಯಿಯ ಮಾತ್ರೆಯದ್ದು. ಅವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುತ್ತಿದ್ದಾರಲ್ಲ? ಆ ಬಾಟಲಿಯಲ್ಲಿ ಸಿಬಿಡಿ ಕೂಡ ಇದೆ. ಸಿಬಿಡಿ ಸೇರಿದರೆ ವಾರ್ಫರಿನ್ ದೇಹದಿಂದ ಬೇಗ ಹೊರಗೆ ಹೋಗುವುದಿಲ್ಲ, ರಕ್ತಸ್ರಾವ ಆಗುವ ಅಪಾಯವಿದೆ. ಇದನ್ನು ನಿನ್ನ ಅಂಗಡಿಯವನು ಹೇಳಲಿಲ್ಲ. ಅವನಿಗೆ ಆಯಿ ಯಾರೆಂದು ಹೇಗೆ ಗೊತ್ತಾಗಬೇಕು.

ಮುಂದಿನ ಸೋಮವಾರ ನಾನೇ ಆಯಿಯನ್ನು ಶಿರಸಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವರ ಹಳೇ ಚೀಟಿಗಳ ಫೋಟೋ ನಿನ್ನ ಹತ್ತಿರ ಇದ್ದರೆ ಇವತ್ತೇ ಕಳಿಸು. ಈ ವರ್ಷದ ಮೆಣಸು ಒಣಗಿದೆ, ಎರಡು ಕೆಜಿ ನಿನಗೆ ಅಂತ ತೆಗೆದಿಟ್ಟಿದ್ದೇನೆ. ಕಷಾಯ ಪುಡಿಗೆ ಆಯಿಯೇ ಹುರಿದು ಕೊಡುತ್ತಾರಂತೆ.

ನಿನ್ನ,
ಗಣಪತಿ