ಗೆಳೆಯನಿಗೊಂದು ಪತ್ರ: ಎರಡು ಮಿಲಿಮೀಟರ್

ಏನೋ ದಂಡನಾಯಕ,

ಮತ್ತೆ 1812, ನೆಪೋಲಿಯನ್ ರಷ್ಯದ ಮೇಲೆ ದಂಡೆತ್ತಿ ಹೋದ ಕಥೆ. ಬೈಕೋ. ಆದರೆ ‘ನೆಪೋಲಿಯನ್‌ನನ್ನು ಸೋಲಿಸಿದ್ದು ರಷ್ಯದ ಚಳಿ’ ಅಂತ ಇನ್ನೊಂದು ಸಲ ಅಂದೆಯೋ, ಮೂರನೇ ಲೋಟದ ವಿಷಯ ಇಲ್ಲೇ ಎಲ್ಲರೆದುರು ತೆಗೀತೀನಿ.

ಅವನ ಸೈನ್ಯ ರಷ್ಯದ ಗಡಿಯ ನೀಮೆನ್ ನದಿ ದಾಟಿದ್ದು ಜೂನ್ 24ಕ್ಕೆ. ಅಷ್ಟು ತಡ ಯಾಕೆ? ಕುದುರೆಗಳಿಗೆ ದಾರಿಯಲ್ಲಿ ಹುಲ್ಲು ಸಿಗಲಿ ಅಂತ. ಒಂದು ಕುದುರೆಗೆ ದಿನಕ್ಕೆ ಹೆಚ್ಚುಕಮ್ಮಿ 9 ಕೆಜಿ ಮೇವು. ಅದನ್ನು ಹೊರೋ ಗಾಡಿಗೂ ಕುದುರೆ, ಆ ಕುದುರೆಗೂ ಮೇವು. ಒಂದೂವರೆ ಟನ್ ಹೇರೋ ನಾಲ್ಕು ಕುದುರೆ ಗಾಡಿಗಳು ಲಿಥುವೇನಿಯದ ಮಣ್ಣುದಾರಿಯಲ್ಲಿ ಹೂತುಕೊಂಡವು. ವಾರದೊಳಗೆ ಜಡಿಮಳೆ. ಓಟ್ಸ್ ಹಿಂದೆ ಉಳೀತು, ಕುದುರೆಗಳು ಹೊಲದ ಹಸಿ ರೈ ಪೈರು ಮೇದು, ಹೊಟ್ಟೆ ಉಬ್ಬಿ ಸಾವಿರಗಟ್ಟಲೆ ಸತ್ತವು. ಹಿಮಕ್ಕೆ ಇನ್ನೂ ನಾಲ್ಕು ತಿಂಗಳಿತ್ತು ಸ್ವಾಮಿ! ಬದುಕಿದ್ದವಕ್ಕೆ ನುಣುಪು ಲಾಳ. ಮಂಜುಗಡ್ಡೆ ಮೇಲೆ ಬಿದ್ದರೆ ಏಳೋಕಾಗದು. ಮುಳ್ಳುಲಾಳ ಹೊಡೆಸಿಟ್ಟಿದ್ದು ಲಾಯದ ಮುಖ್ಯಸ್ಥ ಕೊಲಂಕೂರ್ ಒಬ್ಬನೇ, ಅದೂ ಚಕ್ರವರ್ತಿಯ ಲಾಯದ ಕುದುರೆಗಳಿಗೆ.

ನಾನು ಹೇಳಹೊರಟಿದ್ದು ಮಾಸ್ಕೋದಿಂದ ವಾಪಸಾಗುವಾಗ ಅಡ್ಡ ಬಂದ ಬೆರೆಜಿನಾ ನದಿಯ ಸೇತುವೆ ಕಥೆ. ಅದಕ್ಕೆ ಮುಂಚೆ ಒರ್ಷಾ ಊರಲ್ಲಿ ನೆಪೋಲಿಯನ್ ದೋಣಿಸೇತುವೆಯ ಸಾಮಾನನ್ನೆಲ್ಲ ಸುಡಿಸಿದ. ಸೇತುವೆ ಕಟ್ಟೋ ಪಡೆಯ ಜನರಲ್ ಎಬ್ಲೆ ಮಾತ್ರ ಎರಡು ಕುಲುಮೆ ಗಾಡಿ, ಎರಡು ಇದ್ದಿಲು ಗಾಡಿ, ಆರು ಗಾಡಿ ಹತ್ಯಾರು ಉಳಿಸಿಕೊಂಡಿದ್ದ. ನದಿದಂಡೆಯ ಸ್ಟುಡ್ಯಾಂಕಾ ಹಳ್ಳಿಯ ಮನೆಗಳನ್ನು ಬಿಚ್ಚಿ ತೊಲೆ ತೆಗೆದು, ಅವನ ಸುಮಾರು 400 ಜನ ತೇಲುವ ಮಂಜುಗಡ್ಡೆ ನಡುವೆ ನೀರಿಗಿಳಿದು ಸೇತುವೆ ಹೊರೋ ಮರದ ಊರುಗಾಲು ನಿಲ್ಲಿಸಿದರು. ಆ ಊರುಗಾಲಿಗೆ ಫ್ರೆಂಚಲ್ಲಿ ‘ಶೆವಾಲೆ’ ಅಂತಾರೆ, ಪುಟ್ಟ ಕುದುರೆ ಅಂತ! ನವೆಂಬರ್ 26ರ ಮಧ್ಯಾಹ್ನ ಒಂದಕ್ಕೆ ಕಾಲಾಳುಗಳ ಸೇತುವೆ, ನಾಲ್ಕಕ್ಕೆ ಫಿರಂಗಿ ಗಾಡಿಗಳ ಸೇತುವೆ ಸಿದ್ಧ. ಎರಡನೆಯದಕ್ಕೆ ಹಲಗೆ ಸಾಲದೆ ದುಂಡುಮರ ಹಾಸಿದ್ದರು. ಚಕ್ರ ಕುಕ್ಕಿದ ಹಾಗೆಲ್ಲ ಕಾಲು ಕೆಸರಿಗೆ ಇಳೀತು. ರಾತ್ರಿ ಎಂಟಕ್ಕೆ ಮುರೀತು, ಎರಡಕ್ಕೆ ಮುರೀತು, ಮರುದಿನ ಸಂಜೆ ನಾಲ್ಕಕ್ಕೆ ಮತ್ತೆ. ಪ್ರತಿ ಸಲವೂ ಅವರೇ ಇಳಿದರು.

27ರ ರಾತ್ರಿ ಸೇತುವೆ ಬಹುಪಾಲು ಖಾಲಿ ಇತ್ತು. ದಂಡೆಯಲ್ಲಿ ಸೈನ್ಯದಿಂದ ಹಿಂದುಳಿದ ಸಾವಿರಾರು ಜನ ಬೆಂಕಿ ಸುತ್ತ ಕೂತಿದ್ದರು. ಎಬ್ಲೆ ಎಬ್ಬಿಸಿದ, ಏಳಲಿಲ್ಲ. 29ರ ಬೆಳಗ್ಗೆ, ಹೇಳಿದ ಹೊತ್ತಿಗಿಂತ ತಡಮಾಡಿ, ಬೆನ್ನಟ್ಟಿದ ರಷ್ಯನ್ನರು ದಾಟಬಾರದು ಅಂತ ಸೇತುವೆಗೆ ಬೆಂಕಿ ಇಟ್ಟ. ವರ್ಷ ಮುಗಿಯೋದರೊಳಗೆ ಅವನೂ ಕೋನಿಗ್ಸ್‌ಬರ್ಗಲ್ಲಿ ತೀರಿಕೊಂಡ.

ಈ ಸೈನ್ಯ ಕರಗಿದ್ದನ್ನ ಗೆರೆಯಲ್ಲಿ ತೋರಿಸೋ ಫ್ರೆಂಚ್ ಎಂಜಿನಿಯರ್ ಮಿನಾರ್‌ನ ನಕ್ಷೆ ಗೊತ್ತಲ್ಲ, 1869ರದ್ದು. ಹತ್ತು ಸಾವಿರ ಜನಕ್ಕೆ ಒಂದು ಮಿಲಿಮೀಟರ್ ದಪ್ಪದ ಗೆರೆ. ಬೆರೆಜಿನಾ ಹತ್ತಿರ 50,000 ಇದ್ದದ್ದು 28,000 ಆಗುತ್ತೆ. ಕಮ್ಮಿಯಾದದ್ದು ಎರಡು ಮಿಲಿಮೀಟರ್ ಚಿಲ್ಲರೆ. ಆ ಗೆರೆ ಸಣ್ಣಗಾಗೋದನ್ನ ‘ಎಷ್ಟು ಚಂದ ನೋಡು’ ಅಂತ ನಾನು ಎಷ್ಟು ಜನಕ್ಕೆ ತೋರಿಸಿದೀನೋ. ಚಂದ ಅಂದಿದೀನಿ ಕಣೋ. ಈಗಲೂ ಚಂದವೇ ಕಾಣುತ್ತೆ. ನನ್ನನ್ನ ಕೊರೀತಿರೋದು ಅದೇ.

ಸರಿ, ಸಾಕು. ಈ ಪುರಾಣಕ್ಕೆ ಲೈಕ್ ಒತ್ತೋರು ಒತ್ತಲಿ. ನೀನು ನನ್ನ ಪುಸ್ತಕ ವಾಪಸ್ ಕೊಡು. ನೆಪೋಲಿಯನ್ ಕುಳ್ಳನಲ್ಲ ಅನ್ನೋ ವಾದ ಮಾತ್ರ ಕಾಮೆಂಟಲ್ಲಿ ಶುರು ಹಚ್ಚಬೇಡ.

ಇಂತಿ ನಿನ್ನ,
ಮೇವಿನ ಗುಮಾಸ್ತ