ಪಿಡಿಎಫ್ ಹಂಚುವ ಮೊದಲು: ಬರೆಯಲು ಹೊರಟ ತಂಗಿಗೆ

ಪ್ರೀತಿಯ ತಂಗಿ,

ಪುಸ್ತಕ, ಸಂಶೋಧನಾ ಲೇಖನಗಳನ್ನು ಪ್ರಕಾಶಕರ ಅನುಮತಿಯಿಲ್ಲದೆ ಉಚಿತವಾಗಿ ಕೊಡುವ ಲಿಬ್‌ಜೆನ್, ಸೈ-ಹಬ್ ತಾಣಗಳಿಂದ ಇಳಿಸಿಕೊಂಡು ಓದುವುದು ತಪ್ಪೇ ಎಂದು ಕೇಳಿದ್ದೀಯ. ಅದೇ ಪತ್ರದಲ್ಲಿ, ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕ ಹೊಸ ಕನ್ನಡ ಕಾದಂಬರಿಯೊಂದರ ಪಿಡಿಎಫ್ಅನ್ನು ಗೆಳತಿಯರಿಗೆಲ್ಲ ಕಳಿಸಿದೆ ಎಂದೂ ಬರೆದಿದ್ದೀಯ. ನೀನು ಎರಡನ್ನೂ ಒಂದೇ ಎಂದುಕೊಂಡಂತಿದೆ. ನನಗೆ ಹಾಗೆ ಕಾಣುವುದಿಲ್ಲ.

ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಸೈ-ಹಬ್ ಶುರುಮಾಡಿದಾಗ ಆಕೆಗೆ ಇಪ್ಪತ್ತೆರಡು ವರ್ಷ. ಸಂಶೋಧನಾ ಲೇಖನ ಬರೆದವರಿಗೆ ಸಾಮಾನ್ಯವಾಗಿ ಪ್ರಕಾಶಕರು ದುಡ್ಡು ಕೊಡುವುದಿಲ್ಲ, ಅದನ್ನು ಪರಿಶೀಲಿಸಿದವರಿಗೂ ಇಲ್ಲ. ಸಂಶೋಧನೆಯ ಖರ್ಚು ಬಹುಪಾಲು ಸರ್ಕಾರದ್ದು. ಆದರೂ ಒಂದು ಲೇಖನ ಓದಲು ಸಾವಿರಾರು ರೂಪಾಯಿ ಕೇಳುತ್ತಾರೆ. ಇಂಥ ಲೇಖನಗಳ ಪ್ರಕಾಶಕರಾದ ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ಈ ತಾಣಗಳ ವಿರುದ್ಧ 2020ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿಗೆ ಹೋದವು. 2025ರ ಆಗಸ್ಟ್‌ನಲ್ಲಿ ಸೈ-ಹಬ್‌ಗೆ ಇಲ್ಲಿ ತಡೆ ಬಿತ್ತು. ಕಾನೂನು ಪ್ರಕಾಶಕರ ಕಡೆಗಿದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನನ್ನ ಮನಸ್ಸು ಮಾತ್ರ ರಾಯಚೂರಿನ ಹಾಸ್ಟೆಲ್ಲಿನಲ್ಲಿ ಕೂತು ಓದಲು ಹಂಬಲಿಸುವ ಹುಡುಗಿಯ ಕಡೆಗೇ ಇದೆ. ನಮ್ಮ ಕಾನೂನೂ ಪೂರ್ತಿ ಕಲ್ಲುಮನಸ್ಸಿನದಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪ್ರಕಾಶನಗಳು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಪಾಠಕ್ಕೆಂದು ಪುಸ್ತಕದ ಭಾಗಗಳನ್ನು ನಕಲು ಮಾಡಿಕೊಡಬಹುದು ಎಂದು 2016ರಲ್ಲಿ ಅದೇ ಹೈಕೋರ್ಟು ಹೇಳಿತು.

ಈಗ ನೀನು ಹಂಚಿದ ಕಾದಂಬರಿಗೆ ಬರೋಣ. ಕನ್ನಡದಲ್ಲಿ ಹೊಸಬರ ಪುಸ್ತಕ ಐನೂರು ಪ್ರತಿ ಅಚ್ಚಾಗುತ್ತದೆ, ಹೆಚ್ಚೆಂದರೆ ಸಾವಿರ. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಶೇ. 10ರಂತೆ ರಾಯಲ್ಟಿ ಬಂದರೆ ಲೇಖಕರ ಕೈಗೆ ಪ್ರತಿಯೊಂದಕ್ಕೆ ಇಪ್ಪತ್ತು ರೂಪಾಯಿ. ಎಷ್ಟೋ ಜನರಿಗೆ ಅದೂ ಬರುವುದಿಲ್ಲ. ದುಡ್ಡಿನ ಮಾತು ಬಿಡು, ಇಪ್ಪತ್ತು ರೂಪಾಯಿಗಾಗಿ ಯಾರೂ ಕಾದಂಬರಿ ಬರೆಯುವುದಿಲ್ಲ. ಆದರೆ ಮೊದಲ ಮುದ್ರಣ ಗೋದಾಮಿನಲ್ಲೇ ಉಳಿದರೆ ಎರಡನೆಯ ಹಸ್ತಪ್ರತಿ ಹಿಡಿದು ಬಂದವಳಿಗೆ ಪ್ರಕಾಶಕರು ಏನು ಹೇಳುತ್ತಾರೆ? ಸಾವಿರಾರು ಜನರಿರುವ ಗುಂಪಿನಲ್ಲಿ ಆ ಪಿಡಿಎಫ್ ಓದಿ ಮೆಚ್ಚಿದವರಲ್ಲಿ ನೂರು ಜನ ಕೊಂಡಿದ್ದರೂ ಅವಳ ಮಾತಿಗೆ ಬೆಲೆ ಬರುತ್ತಿತ್ತು. ಕೊಳ್ಳಲು ಆಗದಿದ್ದರೆ ಗ್ರಂಥಾಲಯದಿಂದ ತಾ, ಗೆಳತಿಯಿಂದ ಎರವಲು ಪಡೆ. ಬದುಕಿದ್ದು ಬರೆಯುತ್ತಿರುವ ಕನ್ನಡ ಲೇಖಕರ ಪುಸ್ತಕವನ್ನು ದಯವಿಟ್ಟು ಹೀಗೆ ಹರಿಯಬಿಡಬೇಡ.

ಹಂಚುವ ಹಂಬಲ ನಿನಗಿದೆ, ಅದನ್ನು ಬಿಡಬೇಕಿಲ್ಲ. ಕನ್ನಡದಲ್ಲಿ ಎಲ್ಲೂ ಸಿಗದ ಪುಸ್ತಕಗಳೇ ರಾಶಿ ಇವೆ: ಒಂದೇ ಮುದ್ರಣ ಕಂಡವು, ಪ್ರಕಾಶನವೇ ಮುಚ್ಚಿಹೋದವು, ಗ್ರಂಥಾಲಯದ ಕಪಾಟಿನಲ್ಲಿ ಹಾಳೆ ಪುಡಿಯಾಗುತ್ತಿರುವವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂಥ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು. ಎಷ್ಟೋ ಕಡೆ ಪುಟ ಮಸುಕು, ಕೆಲವು ಪುಟಗಳೇ ಇಲ್ಲ, ಹೆಸರುಗಳಂತೂ ಇಂಗ್ಲಿಷ್ ಅಕ್ಷರದಲ್ಲಿ ಗುರುತು ಸಿಗದಂತೆ ಬರೆದಿವೆ. ಹಕ್ಕುಸ್ವಾಮ್ಯದ ತಕರಾರು ಎದ್ದು ಆ ತಾಣ ನಿಂತರೂ ಬಹಳಷ್ಟು ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಒಂದೇ ಪುಸ್ತಕವನ್ನು ನಾಲ್ಕು ತರಹದ ಕಾಗುಣಿತದಲ್ಲಿ ಹುಡುಕು, ಸಿಗುತ್ತದೆ. ಸಿಕ್ಕಿದ್ದಕ್ಕೆ ಸರಿಯಾದ ಕನ್ನಡ ಹೆಸರು ಹಚ್ಚುವುದು, ಮುಕ್ತ ಪುಸ್ತಕಗಳ ಅಂತರಜಾಲ ಗ್ರಂಥಾಲಯವಾದ ವಿಕಿಸೋರ್ಸ್‌ನಲ್ಲಿ ಬೆರಳಚ್ಚು ಮಾಡಿ ತಿದ್ದುವುದು, ಇವೆಲ್ಲ ಕೈಗಳಿಗಾಗಿ ಕಾದಿರುವ ಕೆಲಸ.

ಯಾವುದನ್ನು ಹಂಚಬಹುದು ಎಂಬ ಲೆಕ್ಕ ಕಷ್ಟದ್ದಲ್ಲ. ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ ಅರವತ್ತು ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಆಮೇಲೆ ಮುಕ್ತ. ಬಿ.ಎಂ.ಶ್ರೀ, ಕೈಲಾಸಂ ಇಬ್ಬರೂ 1946ರಲ್ಲಿ ತೀರಿಕೊಂಡವರು, ಅವರ ಬರಹ ಎಂದೋ ಎಲ್ಲರದಾಯಿತು. 1963ರಲ್ಲಿ ಹೋದ ಗೋವಿಂದ ಪೈ ಮತ್ತು ತ್ರಿವೇಣಿಯವರು ಬದುಕಿದ್ದಾಗ ಅಚ್ಚಾದ ಕೃತಿಗಳು 2024ರ ಜನವರಿ 1ರಿಂದ ಮುಕ್ತ. ತ್ರಿವೇಣಿಯವರ ಆ ಕಾದಂಬರಿಗಳನ್ನು ಯಾವ ಅಂಜಿಕೆಯೂ ಇಲ್ಲದೆ ಊರಿಗೆಲ್ಲ ಹಂಚಬಹುದು ಎಂದು ನೆನೆದರೇ ನನಗೆ ಖುಷಿ! ಬೇಂದ್ರೆಯವರಿಗೆ 2041 ಮುಗಿಯುವವರೆಗೆ ಕಾಯಬೇಕು. ಲೇಖಕರು ಹೋದ ಮೇಲೆ ಮೊದಲ ಸಲ ಅಚ್ಚಾದ ಕೃತಿಗೆ ಅಚ್ಚಾದ ವರ್ಷದಿಂದ ಎಣಿಕೆ. ಹೊಸ ಮುದ್ರಣದ ಮುನ್ನುಡಿಗೆ ಅದನ್ನು ಬರೆದವರ ಹಕ್ಕು ಬೇರೆಯೇ ಇರುತ್ತದೆ, ಆದ್ದರಿಂದ ಹಳೆಯ ಮುದ್ರಣವನ್ನೇ ಸ್ಕ್ಯಾನ್ ಮಾಡು. ಅಷ್ಟು ವರ್ಷ ಕಾಯದೆ ಹಂಚುವ ದಾರಿಯೂ ಇದೆ: ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ, ಯಾರು ಬೇಕಾದರೂ ಹಂಚಲು ಬಿಡುವ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಮರೆತುಹೋದ ಲೇಖಕರ ಮಕ್ಕಳನ್ನು, ಮೊಮ್ಮಕ್ಕಳನ್ನು ಹುಡುಕಿ ಕೇಳು. ಬಹಳ ಮನೆಗಳಲ್ಲಿ ಹಾಗೆ ಕೇಳಿದವರೇ ಇಲ್ಲ.

ಇನ್ನು ನಿನ್ನ ಮೊದಲ ಸಂಕಲನ. ಪ್ರಕಾಶಕರೊಂದಿಗೆ ಬಾಯಿಮಾತಿನಲ್ಲಿ ಮುಗಿಸಬೇಡ. ಹಕ್ಕು ಎಷ್ಟು ವರ್ಷಕ್ಕೆ ಎಂದು ಬರೆಸು. ಒಪ್ಪಂದದಲ್ಲಿ ಅವಧಿ ಹೇಳದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದೇ ಎಣಿಸುತ್ತದೆ. ಪ್ರತಿ ಮುಗಿದು ಮರುಮುದ್ರಣ ಆಗದಿದ್ದರೆ ಹಕ್ಕು ನಿನಗೆ ವಾಪಸು ಎಂಬ ಸಾಲು ಇರಲಿ. ಇ-ಪುಸ್ತಕ, ಆಡಿಯೊ ಹಕ್ಕುಗಳನ್ನು ಪ್ರತ್ಯೇಕವಾಗಿ ಬರೆಸು. ಆಗ ಮುಂದೊಂದು ದಿನ ಪುಸ್ತಕ ಅಂಗಡಿಯಲ್ಲಿ ಇಲ್ಲವಾದರೆ ನೀನೇ ಅದನ್ನು ಉಚಿತವಾಗಿ ಓದುಗರಿಗೆ ಕೊಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಕರಡು ಬಂದ ಕೂಡಲೇ ಸಹಿ ಹಾಕುವ ಮುಂಚೆ ನನಗೊಂದು ಪ್ರತಿ ಕಳಿಸು, ಓದಿ ಹೇಳುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ