ಆ ರಾತ್ರಿ ಫೋನ್ ಇಡದ ಸಿಸ್ಟರ್‌ಗೆ

2021. ನನಗೆ ಕೋವಿಡ್ ಬಂದು ಐದನೇ ದಿನ. ರಾತ್ರಿ ಎರಡು ಗಂಟೆಗೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ 89 ತೋರಿಸಿತು. ಎದೆ ಡವಡವ, ಕೈ ತಣ್ಣಗೆ. ಸಹಾಯವಾಣಿಗೆ ಫೋನ್ ಮಾಡಿದೆ, ಮಾತೇ ಹೊರಡಲಿಲ್ಲ.

"ನಿಧಾನಕ್ಕೆ ಹೇಳಿ, ನಾನು ಲೈನ್‌ನಲ್ಲೇ ಇದ್ದೀನಿ" ಅಂದಿರಿ. ಹೆದರಬೇಡಿ ಅಂತ ಒಂದು ಸಲವೂ ಅನ್ನಲಿಲ್ಲ. ಉಸಿರು ಕಟ್ಟುತ್ತಿದೆಯಾ ಅಂತ ವಿಚಾರಿಸಿ, "ಉಗುರಿಗೆ ಬಣ್ಣ ಹಚ್ಚಿದ್ದೀರಾ?" ಅಂತ ಕೇಳಿದಿರಿ. ಹಚ್ಚಿದ್ದೆ, ಕಡುಗೆಂಪು. ಅಳಿಸಲು ಹೇಳಿದಿರಿ. ಬೆರಳು ತಣ್ಣಗಿದ್ದರೂ ಅಂಕಿ ತಪ್ಪಬಹುದು ಅಂತ ಅಂಗೈ ಉಜ್ಜಿಸಿದಿರಿ. ಆಮೇಲೆ ನನ್ನ ಜೊತೆ ನೀವೂ ಉಸಿರಾಡಿದಿರಿ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ನಿಮ್ಮ ಉಸಿರಿನ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಕೈ ಅಲ್ಲಾಡಿಸದೆ ಒಂದು ನಿಮಿಷ ಕಾದೆವು.

96.

ನಾನು ಅತ್ತುಬಿಟ್ಟೆ. ನೀವು ಸುಮ್ನೆ ಕಾದಿರಿ. "94ಕ್ಕಿಂತ ಇಳಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ" ಅಂತ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿದಿರಿ. ನಿಮ್ಮ ಹಿಂದೆ ಫೋನುಗಳು ರಿಂಗಾಗುತ್ತಲೇ ಇದ್ದವು. ಆದರೂ ಅವಸರ ಮಾಡಲಿಲ್ಲ.

ಹೆಸರು ಕೇಳುವುದನ್ನೇ ಮರೆತೆ. ಸಿಸ್ಟರ್, ಆ ರಾತ್ರಿ ನನಗೆ ನಿದ್ದೆ ಬಂತು. ತುಂಬಾ ಥ್ಯಾಂಕ್ಸ್.